ಕಟ್ಟಡಕ್ಕೆ ‘ಸರ್ಕ್ಯುಲರ್’ ಅಂತ ಸರ್ಟಿಫಿಕೇಟ್ ಕೊಡುವಾಗ ಅಳೆಯುವುದು ಏನನ್ನು?

ತೊಲೆಕಂಬ:
ನಮಸ್ಕಾರ. ನಾನು ಸ್ಟ್ರಕ್ಚರಲ್ ಎಂಜಿನಿಯರ್. ಈಗ ಕೈಯಲ್ಲಿರುವುದು ಐದು ಮಹಡಿಯ ಒಂದು ಆಫೀಸ್ ಕಟ್ಟಡ. ಮಾಲೀಕರಿಗೆ ಗ್ರೀನ್ ಸರ್ಟಿಫಿಕೇಟ್ ಬೇಕು. ಜೊತೆಗೆ "ಇದು ಸರ್ಕ್ಯುಲರ್ ಕಟ್ಟಡ" ಅಂತ, ಅಂದರೆ ಸಾಮಾನು ಕಸವಾಗದೆ ಮತ್ತೆ ಮತ್ತೆ ಬಳಕೆಗೆ ಬರುವ ಕಟ್ಟಡ ಅಂತ, ಹೇಳಿಕೊಳ್ಳುವ ಆಸೆಯೂ ಇದೆ. ಜಾಗದಲ್ಲಿ ಒಂದು ಹಳೇ ಕಾಂಕ್ರೀಟ್ ಕಟ್ಟಡ ನಿಂತಿದೆ. ಅದನ್ನು ಕೆಡವುವುದು ಅಂತ ಮೊದಲೇ ತೀರ್ಮಾನ ಆಗಿದೆ.

ಹೊಸದಕ್ಕೆ ಎರಡು ಫ್ರೇಮ್ ಹೋಲಿಸಿ ನೋಡಿದೆವು. ಒಂದರಲ್ಲಿ ಪೂರ್ತಿ ಗುಜರಿ ಕರಗಿಸಿ ಮಾಡಿದ ಉಕ್ಕು. ಆದರೆ ಜೋಡಣೆ ಎಲ್ಲಾ ವೆಲ್ಡಿಂಗ್, ಮೇಲೆ ಸ್ಥಳದಲ್ಲೇ ಕಾಂಕ್ರೀಟ್ ಸುರಿದ ಕಾಂಪೋಸಿಟ್ ಸ್ಲ್ಯಾಬ್ (ಉಕ್ಕಿಗೆ ಬೆಸೆದುಕೊಂಡದ್ದು). ಇನ್ನೊಂದರಲ್ಲಿ ಉಕ್ಕಿನಲ್ಲಿ ಗುಜರಿ ಪಾಲು ಕಡಿಮೆ. ಆದರೆ ಎಲ್ಲಾ ಕಡೆ ಬೋಲ್ಟ್, ಸ್ಲ್ಯಾಬ್ ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದು ತಂದದ್ದು), ಬಿಚ್ಚಿ ತೆಗೆಯಬಹುದು. ಒಂದು ಟೂಲ್ ಮೊದಲನೆಯದಕ್ಕೆ ಜಾಸ್ತಿ ಅಂಕ ಕೊಟ್ಟಿತು, ಇನ್ನೊಂದು ಟೂಲ್ ಎರಡನೆಯದಕ್ಕೆ. ಯಾವ ಅಂಕಿ ನಂಬುವುದು?

ಅಳತೆಪಟ್ಟಿ:
ಎರಡೂ ಲೆಕ್ಕ ಸರಿಯಾಗೇ ಹಾಕಿರಬಹುದು. ಪ್ರಶ್ನೆ ಬೇರೆ ಬೇರೆ, ಹಾಗಾಗಿ ಉತ್ತರವೂ ಬೇರೆ.

ಮೊದಲನೇ ಟೂಲ್ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಷನ್ 2015ರಲ್ಲಿ ತಂದ ಮೆಟೀರಿಯಲ್ ಸರ್ಕ್ಯುಲಾರಿಟಿ ಇಂಡಿಕೇಟರ್ ಮಾದರಿಯದು ಇರಬೇಕು. 0ರಿಂದ 1ರ ನಡುವೆ ಒಂದು ಅಂಕಿ ಬರುತ್ತದೆ ಅಲ್ವಾ? ಅದು ನೋಡುವುದು ಮೂರು ವಿಷಯ. ಒಳಗೆ ಬರುವ ಸಾಮಾನಿನಲ್ಲಿ ಹೊಸದಾಗಿ ನೆಲ ಅಗೆದು ತೆಗೆದದ್ದು ಎಷ್ಟು, ಕೊನೆಗೆ ಕಸವಾಗುವುದು ಎಷ್ಟು, ಎಷ್ಟು ವರ್ಷ ಬಾಳಿಕೆ ಬರುತ್ತದೆ. ಎಲ್ಲವೂ ತೂಕದ ಮೇಲೆ. ಒಂದು ಕಿಲೋ ಮರಳೂ ಒಂದು ಕಿಲೋ ತಾಮ್ರವೂ ಅದಕ್ಕೆ ಒಂದೇ. ಕಾಂಕ್ರೀಟ್ ಕಟ್ಟಡದಲ್ಲಿ ತೂಕ ಎಲ್ಲಾ ಕಾಂಕ್ರೀಟ್‌ನದೇ ಆಗಿರುವುದರಿಂದ ಉಳಿದ ಸಾಮಾನು ಆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ.

ಎರಡನೆಯದು ಇಎನ್ 15978 ಪ್ರಕಾರದ ಲೈಫ್ ಸೈಕಲ್ ಲೆಕ್ಕ ಅನಿಸುತ್ತದೆ. ಯುರೋಪಿನಲ್ಲಿ 2011ರಲ್ಲಿ ಬಂದ ಸ್ಟ್ಯಾಂಡರ್ಡ್. ಎ1ರಿಂದ ಎ3 ಅಂದರೆ ಸಾಮಾನಿನ ತಯಾರಿ. ಎ4, ಎ5 ಸಾಗಣೆ ಮತ್ತು ಕಟ್ಟುವ ಕೆಲಸ. ಬಿ ಅಂದರೆ ಬಳಕೆ, ರಿಪೇರಿ, ಬದಲಾವಣೆ. ಸಿ ಅಂದರೆ ಕೆಡವುವುದು, ವಿಲೇವಾರಿ. ಇವೆಲ್ಲದರ ಹೊರಗೆ ಡಿ ಅಂತ ಒಂದಿದೆ. ಈ ಕಟ್ಟಡದ ಸಾಮಾನು ಮುಂದೆ ಬೇರೆ ಕಡೆ ಬಳಕೆ ಆದರೆ ಅಲ್ಲಿ ಎಷ್ಟು ಕಾರ್ಬನ್ ಉಳಿದೀತು ಅನ್ನುವ ಲೆಕ್ಕ ಅದು. ಡಿಯನ್ನು ಬೇರೆ ಸಾಲಿನಲ್ಲೇ ತೋರಿಸಬೇಕು, ಎ-ಬಿ-ಸಿ ಮೊತ್ತಕ್ಕೆ ಸೇರಿಸಬಾರದು. ನಿಮ್ಮ ರಿಪೋರ್ಟ್‌ನಲ್ಲಿ ಸೇರಿಸಿದ್ದಾರಾ? ಮತ್ತೆ ಡಿಗೆ ಯಾವ ಸನ್ನಿವೇಶ ಹಾಕಿದ್ದಾರೆ? ತೊಲೆಯನ್ನು ಹಾಗೇ ಮತ್ತೆ ಬಳಸುವುದಾ, ಕರಗಿಸುವುದಾ?

ತೊಲೆಕಂಬ:
ಸೇರಿಸಿದ್ದಾರೆ. ಸನ್ನಿವೇಶ: ಕರಗಿಸುವುದು. ಅದು ಡೀಫಾಲ್ಟ್ ಅಂತೆ, ಯಾರೂ ಮುಟ್ಟಿಲ್ಲ.

ಅಳತೆಪಟ್ಟಿ:
ಹಾಗಾದರೆ ವಿಷಯ ಇನ್ನೂ ಸ್ವಾರಸ್ಯವಾಗಿದೆ. ನಿಮ್ಮ ಬೋಲ್ಟ್ ಫ್ರೇಮ್ ಗೆದ್ದಿರುವುದು ಬೋಲ್ಟ್‌ನಿಂದ ಅಲ್ಲವೇ ಅಲ್ಲ.

ಡಿ ಲೆಕ್ಕದಲ್ಲಿ ಹೊರಗೆ ಹೋಗುವ ಗುಜರಿಯಿಂದ ಒಳಗೆ ಬಂದ ಗುಜರಿಯನ್ನು ಕಳೆಯುತ್ತಾರೆ. ಉಳಿದದ್ದಕ್ಕೆ ಮಾತ್ರ ಲಾಭ. ಮೊದಲನೇ ಫ್ರೇಮ್‌ಗೆ ಗುಜರಿ ಉಕ್ಕೇ ಬಂದಿದೆ, ಗುಜರಿಯೇ ಹೋಗುತ್ತದೆ, ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯದಕ್ಕೆ ಅದಿರಿನಿಂದ ಮಾಡಿದ ಹೊಸ ಉಕ್ಕು ಜಾಸ್ತಿ ಬಂದಿದೆ, ಅದೆಲ್ಲಾ ಗುಜರಿಯಾಗಿ ಹೋಗುತ್ತದೆ, ಆದ್ದರಿಂದ ಡಿಯಲ್ಲಿ ದೊಡ್ಡ ಲಾಭ ಕಾಣಿಸುತ್ತದೆ. ಅದನ್ನು ಒಟ್ಟು ಮೊತ್ತಕ್ಕೆ ಸೇರಿಸಿದ್ದಕ್ಕೆ ನಿಮ್ಮ ಕಟ್ಟಡ ಚೆನ್ನಾಗಿ ಕಾಣುತ್ತಿದೆ. ಕರಗಿಸುವ ಸನ್ನಿವೇಶದಲ್ಲಿ ಬೋಲ್ಟ್ ಆದರೇನು, ವೆಲ್ಡಿಂಗ್ ಆದರೇನು? ಕುಲುಮೆಗೆ ಎರಡೂ ಒಂದೇ.

ಇನ್ನು ಮೊದಲನೇ ಟೂಲ್ ಗುಜರಿ ಪಾಲಿಗೆ ಅಂಕ ಕೊಟ್ಟಿದೆ, ಜೋಡಣೆ ಕಡೆ ತಿರುಗಿಯೂ ನೋಡಿಲ್ಲ. ಅಂದರೆ ನೀವು ಹೋಲಿಸಲು ಹೊರಟ ವ್ಯತ್ಯಾಸ ಎರಡು ಟೂಲ್‌ಗೂ ಕಂಡಿಲ್ಲ.

ಸುಮ್ನೆ ಓದುವವ:
ಒಂದು ದಡ್ಡ ಪ್ರಶ್ನೆ. ಗುಜರಿ ಉಕ್ಕು ಜಾಸ್ತಿ ಬಳಸಿದರೆ ಒಳ್ಳೆಯದೇ ಅಲ್ವಾ? ಅದಕ್ಕೆ ಅಂಕ ಕೊಟ್ಟರೆ ಏನು ತಪ್ಪು?

ಅಳತೆಪಟ್ಟಿ:
ದಡ್ಡ ಪ್ರಶ್ನೆ ಅಲ್ಲ. ಗುಜರಿಯಿಂದ ಉಕ್ಕು ಮಾಡಲು ಅದಿರಿನಿಂದ ಮಾಡುವುದಕ್ಕಿಂತ ತುಂಬಾ ಕಡಿಮೆ ಕಾರ್ಬನ್ ಸಾಕು. ಅಲ್ಯೂಮಿನಿಯಂ ಆದರೆ ಶಕ್ತಿಯ ಖರ್ಚು ಸುಮಾರು ಶೇ. 5ಕ್ಕೆ ಇಳಿಯುತ್ತದೆ. ಆದರೆ ಜಗತ್ತಿನಲ್ಲಿ ಇರುವ ಉಕ್ಕಿನ ಗುಜರಿ ಹೆಚ್ಚುಕಡಿಮೆ ಎಲ್ಲಾ ಈಗಾಗಲೇ ಸಂಗ್ರಹ ಆಗುತ್ತಿದೆ, ಕರಗುತ್ತಿದೆ. ಬೇಡಿಕೆಗೆ ಸಾಲುವಷ್ಟು ಇಲ್ಲ. ನನ್ನ ಕಟ್ಟಡ ಜಾಸ್ತಿ ತೆಗೆದುಕೊಂಡರೆ ಇನ್ನೊಬ್ಬರ ಕಟ್ಟಡಕ್ಕೆ ಕಡಿಮೆ ಸಿಗುತ್ತದೆ. ಸರ್ಟಿಫಿಕೇಟ್‌ನಲ್ಲಿ ನನ್ನ ಅಂಕ ಏರಿತು, ಭೂಮಿಯ ಲೆಕ್ಕ ಇದ್ದಲ್ಲೇ ಇದೆ. ಇದ್ದ ತೊಲೆಯನ್ನು ಕರಗಿಸದೆ ಹಾಗೇ ಬಳಸಿದರೆ ಮಾತ್ರ ಕುಲುಮೆ ಕೆಲಸ ನಿಜವಾಗಿ ತಪ್ಪುತ್ತದೆ.

ಬಿಚ್ಚುಗಾರ:
ನಾನು ಕಟ್ಟಡ ಕೆಡವುವ ಕೆಲಸದವನು. ಟೂಲ್‌ಗೆ ಬೋಲ್ಟ್ ಕಾಣಿಸಲಿಲ್ಲ ಅಂತ ಓದಿ ನಗು ಬಂತು. ನಮಗೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಇಟ್ಟಿಗೆ ಗೋಡೆ ನೋಡಿ. ಸುಣ್ಣದ ಗಾರೆ ಆದರೆ ಸುತ್ತಿಗೆಯಲ್ಲಿ ತಟ್ಟಿದರೆ ಇಟ್ಟಿಗೆ ಬಿಟ್ಟುಕೊಳ್ಳುತ್ತದೆ, ಕೆರೆದು ಮತ್ತೆ ಬಳಸಬಹುದು. ಸಿಮೆಂಟ್ ಗಾರೆ ಆದರೆ ಇಟ್ಟಿಗೆ ಒಡೆಯುತ್ತದೆ, ಗಾರೆ ಬಿಡುವುದಿಲ್ಲ. ಕೋಪನ್‌ಹೇಗನ್‌ನ ರಿಸೋರ್ಸ್ ರೋಸ್ ಅನ್ನುವ ವಸತಿ ಸಮುಚ್ಚಯದಲ್ಲಿ ಅದಕ್ಕೇ ಹಳೇ ಗೋಡೆಗಳನ್ನು ಸುಮಾರು ಒಂದೊಂದು ಚದರ ಮೀಟರ್ ಹಲಗೆಗಳಾಗಿ ಕತ್ತರಿಸಿ ಹೊಸ ಗೋಡೆಗೆ ಕೂರಿಸಿದರು. ಬಿಡಿ ಇಟ್ಟಿಗೆ ಬರಲಿಲ್ಲ, ಗೋಡೆಯನ್ನೇ ತಂದರು. ನೋಡಲು ಚೆಂದವೂ ಇದೆ.

ಪ್ರೀಕಾಸ್ಟ್ ಸ್ಲ್ಯಾಬ್ ಬಿಚ್ಚಬಹುದು ಅಂತ ನಕ್ಷೆಯಲ್ಲಿ ಬರೆದಿರುತ್ತಾರೆ. ಸ್ಥಳಕ್ಕೆ ಹೋದರೆ ಅದರ ಮೇಲೆ ಸ್ಕ್ರೀಡ್ (ನೆಲ ಸಮ ಮಾಡುವ ಗಾರೆ) ಸುರಿದು ಎಲ್ಲಾ ಒಂದಾಗಿರುತ್ತದೆ. ಬೋಲ್ಟ್ ಇರುತ್ತದೆ, ಅದರ ಮೇಲೆ ಬೆಂಕಿ ತಡೆಯುವ ಕೋಟಿಂಗ್ ಗಟ್ಟಿಯಾಗಿ ಕೂತಿರುತ್ತದೆ. ಕಿಟಕಿ ಸುತ್ತ ಫೋಮ್. ನೆಲದ ಹಾಸಿಗೆ ಅಂಟು. ಬಿಚ್ಚುವುದಕ್ಕೆ ಸ್ಪ್ಯಾನರ್ ಹಾಕಲು ಕೈ ಹೋಗುವಷ್ಟು ಜಾಗವೂ ಇರಲ್ಲ. ಇವನ್ನೆಲ್ಲಾ ಯಾವ ಫಾರ್ಮ್‌ನಲ್ಲಿ ಕೇಳುತ್ತಾರೆ ಹೇಳಿ.

ಇನ್ನು "ಕಸದ ಶೇ. 90 ಭಾಗ ಕಸ ಹೂಳುವ ಗುಂಡಿಗೆ ಹೋಗದಂತೆ ತಪ್ಪಿಸಿದ್ದೇವೆ" ಅನ್ನುವ ಮಾತು. ಅದು ಸಾಧನೆ ಅಂತ ನಮ್ಮವರು ಯಾರೂ ಅಂದುಕೊಳ್ಳುವುದಿಲ್ಲ. ಕಾಂಕ್ರೀಟ್ ಪುಡಿ ಮಾಡಿ ರಸ್ತೆ ಕೆಳಗೆ ಹಾಕಿದರೆ ತೂಕದ ಲೆಕ್ಕದಲ್ಲಿ ಅರ್ಧ ದಾರಿ ಮುಗಿದ ಹಾಗೆ. ಬಾಗಿಲು, ಕೇಬಲ್ ಟ್ರೇ, ದೀಪ, ಸೀಲಿಂಗ್ ಟೈಲ್ ಇವೆಲ್ಲಾ ಕಸಕ್ಕೆ ಹೋದರೂ ಅಂಕಿ ಅಲ್ಲಾಡಲ್ಲ.

ಅಳತೆಪಟ್ಟಿ:
ಬಿಚ್ಚುಗಾರ ಅವರ ಮಾತಿಗೆ ನಿಯಮದ ಕಡೆಯಿಂದ ಒಂದು ಸೇರಿಕೆ. ಯುರೋಪಿನ 2008ರ ಕಸದ ನಿರ್ದೇಶನದಲ್ಲಿ ಕಟ್ಟಡ ಕಸದ ಶೇ. 70ನ್ನು 2020ರ ಹೊತ್ತಿಗೆ ಮತ್ತೆ ಬಳಕೆಗೆ ತರಬೇಕು ಅಂತ ಗುರಿ ಇತ್ತು. ಆದರೆ ಆ ಕಸದಿಂದ ಹಳ್ಳ ತುಂಬಿಸಿದ್ದೂ ಅದರಲ್ಲಿ ಲೆಕ್ಕಕ್ಕೆ ಬರುತ್ತಿತ್ತು. 2023ರಲ್ಲಿ ಇಯು ಟ್ಯಾಕ್ಸಾನಮಿಗೆ (ಯಾವ ಹೂಡಿಕೆ ಹಸಿರು ಅಂತ ಹೇಳುವ ಯುರೋಪ್ ಒಕ್ಕೂಟದ ಪಟ್ಟಿ) ಸರ್ಕ್ಯುಲರ್ ಎಕಾನಮಿ ಮಾನದಂಡ ಬಂದಾಗ ಹೊಸ ಕಟ್ಟಡಕ್ಕೆ ಶೇ. 90 ಕೇಳಿದರು, ಹಳ್ಳ ತುಂಬುವುದನ್ನು ಹೊರಗಿಟ್ಟರು. ದೊಡ್ಡ ಬದಲಾವಣೆಯೇ. ಆದರೂ ಅದು ತೂಕದ ಲೆಕ್ಕವೇ. ಮತ್ತೆ ಬಳಸಿದ್ದೂ ಪುಡಿ ಮಾಡಿದ್ದೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಲೀಡ್ ಅನ್ನುವ ಅಮೆರಿಕದ ಗ್ರೀನ್ ಸರ್ಟಿಫಿಕೇಟ್ ಪದ್ಧತಿಯ 4ನೇ ಆವೃತ್ತಿ ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿತ್ತು. ತೂಕದ ಶೇಕಡಾವಾರು ಬೇಡ ಅಂದರೆ ಒಟ್ಟು ಕಸವನ್ನೇ ಚದರ ಮೀಟರ್‌ಗೆ 12.2 ಕಿಲೋ ಒಳಗೆ ಇಡಿ ಅನ್ನುವ ಇನ್ನೊಂದು ದಾರಿ ಕೊಟ್ಟಿತು. ಜಾಸ್ತಿ ಕಸ ಮಾಡಿ ಜಾಸ್ತಿ ರೀಸೈಕಲ್ ಮಾಡಿದವರಿಗೆ ಬಹುಮಾನ ಸಿಗದ ಲೆಕ್ಕ. ನನಗೆ ಇಷ್ಟ ಆಗುವುದು ಅದು.

ಖರ್ಚುವೆಚ್ಚ:
ನಾನು ಮಾಲೀಕರ ಕಡೆ ಕೂರುವವನು, ಆ ದೃಷ್ಟಿಯಿಂದ ಕೇಳುತ್ತೇನೆ. ಬೋಲ್ಟ್ ಹಾಕಿ, ಬಿಚ್ಚುವಂತೆ ಕಟ್ಟಿ ಅಂತೀರಿ. ಸರಿ. ಬಿಚ್ಚುವುದು ಯಾವಾಗ? 50 ವರ್ಷ, 60 ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಕಟ್ಟಡ ಎಷ್ಟು ಕೈ ಬದಲಾಗಿರುತ್ತದೋ. ಇವತ್ತು ಖರ್ಚು ಮಾಡುವವನು ಒಬ್ಬ, ಲಾಭ ಇದ್ದರೆ ಅದು ಇನ್ನೂ ಹುಟ್ಟದವರಿಗೆ. ಉದ್ಘಾಟನೆ ದಿನ ಸರ್ಟಿಫಿಕೇಟ್ ಕೊಡುವುದು ಮದುವೆ ಫೋಟೋ ನೋಡಿ ಸಂಸಾರಕ್ಕೆ ಅಂಕ ಹಾಕಿದ ಹಾಗೆ. ನಿಜವಾಗಿ ಬಿಚ್ಚಿ ಬೇರೆ ಕಡೆ ಕಟ್ಟಿದ ದೊಡ್ಡ ಕಟ್ಟಡ ಒಂದಾದರೂ ಇದೆಯಾ?

ನಕ್ಷೆಗಾತಿ:
ಇದೆ. ಆಮ್‌ಸ್ಟರ್‌ಡ್ಯಾಮ್‌ನ ತಾತ್ಕಾಲಿಕ ನ್ಯಾಯಾಲಯ. 2016ರಲ್ಲಿ ಬಳಕೆಗೆ ಬಂತು. ಹೊಸ ನ್ಯಾಯಾಲಯ ಕಟ್ಟುವ ತನಕ ಸುಮಾರು ಐದು ವರ್ಷಕ್ಕೆ ಅಂತಲೇ ಕಟ್ಟಿದ್ದು. ಉಕ್ಕಿನ ಫ್ರೇಮ್, ಮೇಲೆ ಟೊಳ್ಳು ಸ್ಲ್ಯಾಬ್. ಸ್ಲ್ಯಾಬನ್ನು ತೊಲೆಗೆ ಕಚ್ಚಿಸಲು ಬಿಚ್ಚಬಹುದಾದ ಜೋಡಣೆಯನ್ನು ಬೇರೆಯಾಗಿ ವಿನ್ಯಾಸ ಮಾಡಿದ್ದರು. ಅವಧಿ ಮುಗಿದ ಮೇಲೆ ಬಿಚ್ಚಿ ಎನ್ಸ್ಕೆಡೆ ಊರಿಗೆ ಸಾಗಿಸಿ ಅಲ್ಲಿ ಆಫೀಸ್ ಕಟ್ಟಡವಾಗಿ ನಿಲ್ಲಿಸಿದರು. ತೊಲೆಕಂಬ ಅವರ ಎರಡನೇ ಫ್ರೇಮ್ ಹೆಚ್ಚುಕಡಿಮೆ ಇದೇ ಜಾತಿಯದು.

ಆದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ಅಲ್ಲಿ ಎಲ್ಲಾ ಸರಿಯಾಗಿ ನಡೆದದ್ದು ಅವಧಿ ಐದೇ ವರ್ಷ ಅಂತ ಗೊತ್ತಿದ್ದರಿಂದ. ಕಟ್ಟಿದವರು, ನಕ್ಷೆ, ನೆನಪು ಎಲ್ಲಾ ಇನ್ನೂ ಇದ್ದವು. ಅದೇ ದೇಶದ ಬ್ರುಮೆನ್ ಪುರಸಭೆ ಕಟ್ಟಡವನ್ನೂ 20 ವರ್ಷಕ್ಕೆ ಅಂತ 2013ರಲ್ಲಿ ಕಟ್ಟಿದರು. ಮರದ ತೊಲೆಗಳನ್ನು ಲೆಕ್ಕಕ್ಕೆ ಬೇಕಾದ್ದಕ್ಕಿಂತ ದಪ್ಪ ಇಟ್ಟರು, ಮುಂದೆ ಬೇರೆ ಅಳತೆಯ ಕಟ್ಟಡಕ್ಕೂ ಆಗಲಿ ಅಂತ. ಮಾಮೂಲಿ ಸಾಮಾನಿನ ಲೆಕ್ಕದಲ್ಲಿ ಇದು ದಂಡ, ಯಾಕೆಂದರೆ ಚದರ ಮೀಟರ್‌ಗೆ ಮರ ಜಾಸ್ತಿ. ಒಳ್ಳೆ ಬುದ್ಧಿ ಅಂಕ ಕಳೆಯುವುದು ಹೀಗೆ.

ಖರ್ಚುವೆಚ್ಚ:
ಆಮ್‌ಸ್ಟರ್‌ಡ್ಯಾಮ್ ಉದಾಹರಣೆ ಒಪ್ಪಿದೆ. ಆದರೆ ನಮ್ಮದು ಐದು ವರ್ಷದ ಕಟ್ಟಡ ಅಲ್ಲ. 50 ವರ್ಷ ಆ ನೆನಪನ್ನು ಇಟ್ಟುಕೊಳ್ಳುವುದು ಯಾರು?

ನಕ್ಷೆಗಾತಿ:
ಅದಕ್ಕೇ ಮೆಟೀರಿಯಲ್ ಪಾಸ್‌ಪೋರ್ಟ್ ಅನ್ನುವುದು ಬಂದದ್ದು. ಯಾವ ತೊಲೆ, ಯಾವ ದರ್ಜೆ ಉಕ್ಕು, ಎಲ್ಲಿದೆ, ಹೇಗೆ ಕೂತಿದೆ, ಒಳಗೆ ವಿಷಕಾರಿ ವಸ್ತು ಏನಾದರೂ ಇದೆಯಾ ಅನ್ನುವ ದಾಖಲೆ. 2017ರಿಂದ ಮ್ಯಾಡಾಸ್ಟರ್ ಅನ್ನುವ ಡಚ್ ವೇದಿಕೆ ಇದನ್ನು ಇಡುತ್ತಿದೆ. 2019ರಲ್ಲಿ ಮುಗಿದ ಟ್ರಿಯೋಡೋಸ್ ಬ್ಯಾಂಕ್ ಕಚೇರಿಯ ಮರದ ಕಟ್ಟಡದಲ್ಲಿ 1,65,312 ಸ್ಕ್ರೂ ಇವೆ ಅಂತ ಎಣಿಸಿಯೇ ಹೇಳುತ್ತಾರೆ. ಓದಿದಾಗ ಸ್ವಲ್ಪ ಪ್ರಚಾರ ಅನಿಸಿತು, ಆದರೂ ಅಷ್ಟು ವಿವರ ಯಾರ ಹತ್ತಿರ ಇರುತ್ತದೆ?

ಬಿಚ್ಚುಗಾರ:
ಮೇಡಂ, ಪಾಸ್‌ಪೋರ್ಟ್ ಒಳ್ಳೆಯದೇ. ಆದರೆ ಅದು ಕಟ್ಟಿ ಮುಗಿದ ದಿನದ ಪಟ್ಟಿ. ಹತ್ತು ವರ್ಷಕ್ಕೆ ಒಳಗಿನ ಗೋಡೆ, ಎಸಿ, ವೈರಿಂಗ್ ಎಲ್ಲಾ ಬದಲಾಗಿರುತ್ತದೆ. ಫ್ರೇಮ್ ಮಾತ್ರ ಹಾಗೇ ಇರುತ್ತದೆ. ಪಟ್ಟಿಯನ್ನು ಯಾರಾದರೂ ತಿದ್ದುತ್ತಾ ಇದ್ದರೆ ಉಪಯೋಗ, ಇಲ್ಲದಿದ್ದರೆ ನಾವು ಹೋಗಿ ಮತ್ತೆ ಎಲ್ಲಾ ಅಳೆಯುತ್ತೇವೆ.

ಸುಮ್ನೆ ಓದುವವ:
ಮತ್ತೆ ನಾನೇ. ಮೊದಲ ಪೋಸ್ಟ್‌ನಲ್ಲಿ ಹಳೇ ಕಟ್ಟಡ ಕೆಡವುತ್ತೇವೆ ಅಂತ ಒಂದು ಸಾಲು ಇತ್ತು. ಇಷ್ಟು ಹೊತ್ತು ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅದನ್ನು ಯಾಕೆ ಕೆಡವಬೇಕು?

ಅಳತೆಪಟ್ಟಿ:
ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ.

ಫ್ರೇಮ್ ಮತ್ತು ಅಡಿಪಾಯ, ಇವೆರಡೇ ಸಾಮಾನ್ಯವಾಗಿ ಕಟ್ಟುವ ಹಂತದ ಕಾರ್ಬನ್‌ನಲ್ಲಿ ದೊಡ್ಡ ಪಾಲು. ಇದ್ದ ಫ್ರೇಮ್ ಉಳಿಸಿಕೊಂಡರೆ ಎ1ರಿಂದ ಎ3ರಲ್ಲಿ ಅದರ ಲೆಕ್ಕ ಸೊನ್ನೆ. ಡಿ ಥರ ಮುಂದೆ ಆದೀತು ಅನ್ನುವ ಊಹೆಯೂ ಅಲ್ಲ, ಇವತ್ತೇ ಆಗುವ ಉಳಿತಾಯ. ಸರ್ಟಿಫಿಕೇಟ್‌ಗಳು ಇದನ್ನು ಎಷ್ಟು ಗೌರವಿಸುತ್ತವೆ? ಲೀಡ್ 4ನೇ ಆವೃತ್ತಿಯಲ್ಲಿ ಕಟ್ಟಡದ ಮುಕ್ಕಾಲು ಭಾಗ ಉಳಿಸಿಕೊಂಡರೆ ಆ ದಾರಿಯಲ್ಲಿ 4 ಪಾಯಿಂಟ್. ಒಟ್ಟು ಇರುವುದು 110. ಸೈಕಲ್ ನಿಲ್ಲಿಸುವ ವ್ಯವಸ್ಥೆಗೆ 1 ಪಾಯಿಂಟ್ ಇದೆ. ಅಂದರೆ ಒಂದು ಇಡೀ ಕಟ್ಟಡ ಉಳಿಸಿದ್ದು ನಾಲ್ಕು ಸೈಕಲ್ ಸ್ಟ್ಯಾಂಡ್‌ಗೆ ಸಮ. ಬ್ರೀಮ್ ಅನ್ನುವ ಇನ್ನೊಂದು ಗ್ರೀನ್ ಸರ್ಟಿಫಿಕೇಟ್ ಪದ್ಧತಿಯ 2018ರ ಬ್ರಿಟನ್ ಆವೃತ್ತಿಯಲ್ಲಿ ಬಿಚ್ಚುವಂತೆ, ಬದಲಿಸುವಂತೆ ವಿನ್ಯಾಸ ಮಾಡುವುದಕ್ಕೆ 2 ಕ್ರೆಡಿಟ್. ಈ ಪದ್ಧತಿಗಳು ಹುಟ್ಟಿದ್ದು ವಿದ್ಯುತ್, ನೀರಿನ ಉಳಿತಾಯದ ಚಿಂತೆಯಿಂದ, ಬ್ರೀಮ್ 1990ರಲ್ಲೇ ಬಂತು. ಸಾಮಾನಿನ ಲೆಕ್ಕ ಆಮೇಲೆ ಒಂದೊಂದೇ ಅಂಟಿಸುತ್ತಾ ಬಂದರು. 2025ರ ಲೀಡ್ 5ನೇ ಆವೃತ್ತಿಯಲ್ಲಿ ಸಾಮಾನಿನ ಕಾರ್ಬನ್ ಲೆಕ್ಕ ಹಾಕುವುದನ್ನು ಕಡ್ಡಾಯ ಮಾಡಿದ್ದಾರೆ. ಸರಿಯಾದ ದಿಕ್ಕೇ.

ಟ್ಯಾಕ್ಸಾನಮಿ ನವೀಕರಣದ ಮಾನದಂಡ ನೋಡಿ. ಮೂಲ ಕಟ್ಟಡದ ಅರ್ಧವಾದರೂ ಉಳಿಸಿ ಅನ್ನುತ್ತದೆ. ಅಲ್ಲಿ ಉಳಿಸುವುದು ನಾಲ್ಕು ಪಾಯಿಂಟ್‌ನ ಆಯ್ಕೆ ಅಲ್ಲ, ಬಾಗಿಲಲ್ಲೇ ಕೇಳುವ ಷರತ್ತು.

ನಕ್ಷೆಗಾತಿ:
ವಾಸ್ತುಶಿಲ್ಪದ ಕಡೆಯಿಂದ ಇದಕ್ಕೆ ಬಲವಾದ ಉದಾಹರಣೆ ಫ್ರಾನ್ಸಿನ ಬೋರ್ಡೋ ನಗರದ ಗ್ರಾಂ ಪಾರ್ಕ್. 1960ರ ದಶಕದ ದೊಡ್ಡ ಬ್ಲಾಕ್‌ಗಳು, 530 ಮನೆ. ಲಕಾಟಾನ್ ಮತ್ತು ವಸಾಲ್ ಅನ್ನುವ ವಾಸ್ತುಶಿಲ್ಪಿಗಳು ತಮ್ಮ ಜೊತೆಗಾರರೊಂದಿಗೆ ಗೋಡೆ ಹೊರಗೆ ಹೊಸ ಬಾಲ್ಕನಿ-ಬಿಸಿಲುಕೋಣೆಗಳ ಸಾಲನ್ನೇ ಜೋಡಿಸಿದರು. ಜನ ಮನೆ ಖಾಲಿ ಮಾಡಲಿಲ್ಲ. 2017ರಲ್ಲಿ ಮುಗಿಯಿತು. ಆ ಇಬ್ಬರಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಬಹುಮಾನ ಪ್ರಿಟ್ಜ್ಕರ್ ಬಂತು. ಹಳೇದನ್ನು ಇಟ್ಟುಕೊಂಡರೆ ಕಟ್ಟಡ ಮಂಕಾಗಿರುತ್ತದೆ ಅನ್ನುವವರು ಅದರ ಫೋಟೋ ನೋಡಲಿ.

ತೊಲೆಕಂಬ:
ಎಲ್ಲರಿಗೂ ಥ್ಯಾಂಕ್ಸ್. ಕೆಡವುವ ತೀರ್ಮಾನಕ್ಕೆ ಮಾಲೀಕರ ಕಡೆಯಿಂದ ಎರಡು ಕಾರಣ ಇತ್ತು. ಒಂದು, ಮಹಡಿ ಎತ್ತರ ಕಡಿಮೆ, ಎಸಿ ಡಕ್ಟ್ ಕೂರಲ್ಲ. ಎರಡು, ಹಳೇ ಕಾಂಕ್ರೀಟ್‌ನ ಬಲ ಎಷ್ಟು ಅಂತ ಗೊತ್ತಿಲ್ಲ. ಎರಡನೆಯದಕ್ಕೆ ಪರೀಕ್ಷೆ ಯಾರೂ ಮಾಡಿಸಿಲ್ಲ. ಕಟ್ಟಡ ನಿಂತಿರುವುದು 1980ರ ದಶಕದಿಂದ.

ನಕ್ಷೆಗಾತಿ:
ಎತ್ತರದ ಸಮಸ್ಯೆ ನಿಜ. ಆದರೆ ದೊಡ್ಡ ಡಕ್ಟ್ ಬೇಕೇಬೇಕು ಅನ್ನುವುದು ಒಂದು ಆಯ್ಕೆ ಅಷ್ಟೇ. ಕಾರಿಡಾರ್ ಮೇಲೆ ಮಾತ್ರ ಡಕ್ಟ್, ಕೆಲಸದ ಜಾಗದಲ್ಲಿ ಸೀಲಿಂಗ್ ಇಲ್ಲದೆ ಸ್ಲ್ಯಾಬ್ ಬಯಲಿಗೆ ಬಿಡುವುದು, ನೀರಿನಿಂದ ತಂಪು ಮಾಡುವ ವ್ಯವಸ್ಥೆ, ಹೀಗೆ ದಾರಿಗಳಿವೆ. ಮೊದಲು ಅದನ್ನು ಕೇಳಿ, ಆಮೇಲೆ ಕೆಡವಿ.

ಖರ್ಚುವೆಚ್ಚ:
ಈಗ ನನಗೂ ಆಸಕ್ತಿ ಬಂತು, ಯಾಕೆಂದರೆ ಇಲ್ಲಿ ಲಾಭ ಇವತ್ತೇ ಇದೆ. ಆದರೆ ಒಂದು ತೊಡಕು. ಪೂರ್ತಿ ಹೊಸ ಕಟ್ಟಡಕ್ಕೆ ಲೀಡ್ ಲೆಕ್ಕದಲ್ಲಿ ಹೋಲಿಕೆಗೆ ಒಂದು ಬೇಸ್‌ಲೈನ್ ಕಟ್ಟಡ ಊಹಿಸುತ್ತಾರೆ. ಅದಕ್ಕಿಂತ ಶೇ. 10 ಕಡಿಮೆ ಆದರೆ ಪಾಯಿಂಟ್. ಬೇಸ್‌ಲೈನನ್ನು ದಪ್ಪ ಮಾಡಿಟ್ಟರೆ ಯಾರು ಬೇಕಾದರೂ ಗೆಲ್ಲಬಹುದು. ಡೆನ್ಮಾರ್ಕ್ 2023ರಿಂದ 1000 ಚದರ ಮೀಟರ್‌ಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ವರ್ಷಕ್ಕೆ ಚದರ ಮೀಟರ್‌ಗೆ 12 ಕಿಲೋ ಕಾರ್ಬನ್ ಅಂತ ನೇರ ಮಿತಿ ಹಾಕಿತು, 50 ವರ್ಷದ ಲೆಕ್ಕದಲ್ಲಿ. ಅದು ನನಗೆ ಅರ್ಥವಾಗುವ ಭಾಷೆ. ಮಿತಿ ದಾಟಿದೆಯೋ ಇಲ್ಲವೋ, ಅಷ್ಟೇ. ಹಾಗೇ ಆಸ್ಟ್ರೇಲಿಯಾದ ನೇಬರ್ಸ್ ರೇಟಿಂಗ್ ನೋಡಿ. 12 ತಿಂಗಳ ನಿಜವಾದ ಬಿಲ್ ನೋಡಿ ಸ್ಟಾರ್ ಕೊಡುತ್ತಾರೆ, ವರ್ಷಕ್ಕೆ ಅವಧಿ ಮುಗಿಯುತ್ತದೆ, ಮತ್ತೆ ತೋರಿಸಬೇಕು. ಸಾಮಾನಿನ ದಾಖಲೆಗೂ ಇಂಥದ್ದೇ ಒಂದು ಅವಧಿ ಇಟ್ಟರೆ ಬಿಚ್ಚುಗಾರ ಅವರು ಹೇಳಿದ ಹಳೇ ಪಟ್ಟಿಯ ಕಾಟ ತಪ್ಪುತ್ತದೆ.

ಬಿಚ್ಚುಗಾರ:
ಒಪ್ಪಿದೆ. ತೊಲೆಕಂಬ ಅವರೇ, ನಕ್ಷೆ ಅಂತಿಮ ಮಾಡುವ ಮೊದಲೇ ಪರೀಕ್ಷೆ ಮಾಡಿಸಿ. ಕಂಬ, ತೊಲೆ, ಸ್ಲ್ಯಾಬ್ ಮೂರರಿಂದಲೂ ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ, ಪ್ರತಿ ಮಹಡಿಯಲ್ಲೂ. ನೆಲಮಹಡಿಯಲ್ಲಿ ಮಾತ್ರ ತೆಗೆದು ಬಿಡುವವರು ಇದ್ದಾರೆ. ಕೋರ್ ತೆಗೆಯುವ ಮೊದಲು ಸ್ಕ್ಯಾನರ್ ಹಿಡಿದು ಕಂಬಿ ಎಲ್ಲಿದೆ ನೋಡಿಕೊಳ್ಳಿ, ಇಲ್ಲದಿದ್ದರೆ ಕಂಬಿಯನ್ನೇ ಕೊಯ್ದುಬಿಡುತ್ತಾರೆ. ಸೀಲಿಂಗ್, ಪೈಪ್ ಸುತ್ತಿದ ಹೊದಿಕೆ, ನೆಲದ ಟೈಲ್ ಇವುಗಳಲ್ಲಿ ಕಲ್ನಾರು ಇದೆಯಾ ಅಂತ ಮೊದಲೇ ನೋಡಿಸಿ. ಉಳಿಸಲಿ, ಕೆಡವಲಿ, ಅದು ಬೇಕೇಬೇಕು.

ಒಂದುವೇಳೆ ಫ್ರೇಮ್ ಉಳಿಸಲು ಆಗದಿದ್ದರೂ ಕೋರ್ ರಿಪೋರ್ಟ್ ವ್ಯರ್ಥ ಆಗಲ್ಲ. ಟೊಳ್ಳು ಸ್ಲ್ಯಾಬ್ ಇದ್ದರೆ ಇಡಿಯಾಗಿ ತೆಗೆದು ಮಾರಬಹುದು. ನಾರ್ವೆಯಲ್ಲಿ ಹಳೇ ಟೊಳ್ಳು ಸ್ಲ್ಯಾಬ್ ಮರುಬಳಕೆಗೆ ಅಂತಲೇ 2022ರಲ್ಲಿ ಎನ್‌ಎಸ್ 3682 ಅನ್ನುವ ಸ್ಟ್ಯಾಂಡರ್ಡ್ ಬಂದಿದೆ. ಯಾವ ಪರೀಕ್ಷೆ ಮಾಡಬೇಕು ಅಂತ ಗೊತ್ತಿದ್ದರೆ ಕೊಳ್ಳುವವರಿಗೂ ಧೈರ್ಯ.

ತೊಲೆಕಂಬ:
ಮಾಲೀಕರ ಜೊತೆ ಮಾತಾಡಿದೆ. ಕೋರ್ ಮತ್ತು ಸ್ಕ್ಯಾನ್‌ಗೆ ಒಪ್ಪಿದ್ದಾರೆ, ಕಲ್ನಾರು ಪರೀಕ್ಷೆಗೂ. ಹೋಲಿಕೆಯಲ್ಲಿ ಮೂರನೇ ಸಾಲಾಗಿ ಹಳೇ ಫ್ರೇಮ್ ಸೇರಿಸುತ್ತಿದ್ದೇನೆ. ಡಿ ಬೇರೆ ಕಾಲಂ. ಬೋಲ್ಟ್ ಫ್ರೇಮ್‌ಗೆ ಕರಗಿಸುವ ಸನ್ನಿವೇಶ ಒಂದು, ಮರುಬಳಕೆಯ ಸನ್ನಿವೇಶ ಒಂದು, ಎರಡನ್ನೂ ತೋರಿಸುತ್ತೇನೆ. "ಸರ್ಕ್ಯುಲರ್" ಅನ್ನುವ ಹೆಸರು ಹಾಕುವ ಮಾತು ಸದ್ಯಕ್ಕೆ ನಿಂತಿದೆ.

ಅಳತೆಪಟ್ಟಿ:
ಕೋರ್ ರಿಪೋರ್ಟ್ ಬಂದಾಗ ಬಲದ ಅಂಕಿ ಒಂದನ್ನೇ ನೋಡಬೇಡಿ. ಕಾರ್ಬೊನೇಷನ್ (ಗಾಳಿ ತಗುಲಿ ಕಾಂಕ್ರೀಟ್ ಕ್ಷಾರ ಕಳೆದುಕೊಳ್ಳುವುದು, ಅದು ಕಂಬಿ ಮುಟ್ಟಿದರೆ ತುಕ್ಕಿನ ಭಯ) ಎಷ್ಟು ಆಳಕ್ಕೆ ಇಳಿದಿದೆ, ಕಂಬಿ ಮೇಲಿನ ಕವರ್, ಅಂದರೆ ಕಾಂಕ್ರೀಟ್ ಹೊದಿಕೆ ಎಷ್ಟಿದೆ, ಈ ಎರಡೂ ಅಂಕಿ ಇಲ್ಲಿ ಹಾಕಿ. ಫೀನಾಲ್ಫ್ಥಲೀನ್ ಹಚ್ಚಿದಾಗ ಗುಲಾಬಿ ಬಣ್ಣ ಕಂಬಿಯ ಸುತ್ತ ಉಳಿದಿದ್ದರೆ, ಅಂದರೆ ಅಲ್ಲಿ ಕ್ಷಾರ ಇನ್ನೂ ಇದ್ದರೆ, ಮಾತುಕತೆ ಸುಲಭ. ಬಣ್ಣ ಬರದಿದ್ದರೂ ಒಳಗಿನ ಒಣ ಜಾಗದಲ್ಲಿ ತುಕ್ಕು ನಿಧಾನ, ಹೊರಗೋಡೆ ಕಂಬಗಳದ್ದು ಮಾತ್ರ ಬೇರೆಯಾಗಿ ನೋಡಬೇಕು.